ಮುಖದ ಮೇಲಿನ ನೊರೆ

ಇವತ್ತು ಬೆಳಿಗ್ಗೆ ಮುಖಕ್ಕೆ ಸಾಬೂನಿನ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಲಂಡನ್ನಿನ ಹ್ಯಾರೋದ ನಮ್ಮ ಮನೆಯ ಬಚ್ಚಲಿನಲ್ಲಿ ಕಿಟಕಿಯ ಕೆಳಗೇ ಮನೆ ಬೆಚ್ಚಗಿಡುವ ರೇಡಿಯೇಟರ್ ಇದೆ. ಚಳಿಗಾಲದಲ್ಲಿ ಅದಕ್ಕೆ ಬೆನ್ನು ಕೊಟ್ಟು ನಿಂತರೆ ಇದು ಯಾವ ಊರು, ಯಾವ ವರ್ಷ ಎನ್ನುವುದೆಲ್ಲ ಮಸುಕಾಗುತ್ತದೆ. ಎಚ್ಚರವಾದಾಗ ಕೆನ್ನೆ ಬಿಗಿಯುತ್ತಿತ್ತು. ನೊರೆ ಒಣಗಿ ಹಪ್ಪಳವಾಗಿತ್ತು.

ಲಂಡನ್ ಎಂದರೆ ಮಳೆ ಎಂದು ತಿಳಿದವರಿಗೆ ನಗು ಬರಬಹುದು. ಮಳೆಯೆಲ್ಲ ಹೊರಗೆ, ಸ್ವಾಮಿ. ಹೀಟಿಂಗ್ ಹಾಕಿದ ಮನೆಯೊಳಗೆ ವಿಜಾಪುರದ ಬೇಸಿಗೆ. ಆ ವಿಜಾಪುರದವನೇ ಆದ ನನಗೆ ನೊರೆ ಒಣಗದಂತೆ ನೋಡಿಕೊಳ್ಳುವುದರಲ್ಲಿ ಪಾಂಡಿತ್ಯವಿದೆ ಎಂದು ಜಂಬ. ಅಪ್ಪ ಪಡಸಾಲೆಯಲ್ಲಿ ಕೂತು ದಾಡಿ ಮಾಡಿಕೊಳ್ಳುವಾಗ ಅರ್ಧ ಮುಖಕ್ಕಷ್ಟೇ ನೊರೆ ಹಚ್ಚುತ್ತಿದ್ದ. ನಡುವೆ ಯಾರಾದರೂ ಮಾತಿಗೆ ಬಂದರೆ ಬ್ರಷ್ಷಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಒಮ್ಮೆ ಕೊಡವಿ, ಕೆನ್ನೆಯ ಮೇಲೆ ಹಗುರಾಗಿ ಆಡಿಸುತ್ತಿದ್ದ. ನೀರು ಹೆಚ್ಚಾದರೆ ನೊರೆ ಕುತ್ತಿಗೆಗೆ ಇಳಿಯುತ್ತದೆ, ಕಡಿಮೆಯಾದರೆ ಬ್ಲೇಡು ಕೆರೆಯುತ್ತದೆ. ಅಪ್ಪನ ದಾಡಿ ಮುಗಿಯುವಷ್ಟರಲ್ಲಿ ಓಣಿಯ ಸುದ್ದಿಯೆಲ್ಲ ಮುಗಿದಿರುತ್ತಿತ್ತು.

ತೊಂಬತ್ತರ ದಶಕದಲ್ಲಿ ಇದೇ ಲಂಡನ್ನಿನ ಟೂಟಿಂಗ್‌ನ ಒಂದು ಬಾಡಿಗೆ ಕೋಣೆಯಲ್ಲಿ ಈ ವಿದ್ಯೆಯನ್ನು ಸುಬ್ರಾಯನಿಗೆ ಧಾರೆಯೆರೆಯಲು ಹೋದೆ. ಸುಬ್ರಾಯ ಕುಂದಾಪುರದವನು, ಹೋಟೆಲಿನಲ್ಲಿ ಅಡುಗೆಯವನು, ಕೋಣೆಯಲ್ಲಿ ನನ್ನ ಜೊತೆಗಾರ. ಅವನು ಬಿದ್ದು ಬಿದ್ದು ನಕ್ಕ.

"ನಮ್ಮೂರಗೆ ನೊರಿ ಒಣಗುದಾ ಮಾರಾಯಾ! ಮಳಿಗಾಲದಗೆ ಬಟ್ಟಿಯೇ ಒಣಗುದಿಲ್ಲ."

ರೇಡಿಯೇಟರ್ ಅವನಿಗೂ ಬುದ್ಧಿ ಕಲಿಸಿತು. ಪೂರಿ ಹಿಟ್ಟಿಗೆ ಮುಚ್ಚುವ ಹಾಗೆ ನೊರೆಯ ಬಟ್ಟಲಿಗೆ ಒದ್ದೆ ಬಟ್ಟೆ ಮುಚ್ಚಿಡತೊಡಗಿದ. ಕೆನ್ನೆಯದು ಬೇಗ ಮುಗಿಯುತ್ತಿತ್ತು, ಮೀಸೆಯದೇ ದೊಡ್ಡ ಉಪಚಾರ. ಅದಕ್ಕೊಂದು ಪುಟ್ಟ ಬಾಚಣಿಗೆ ಬೇರೆ. ಮೀಸೆ ತೆಗೆದರೆ ಗಿರಾಕಿಗಳ ಮುಂದೆ ಚೆಂದ ಕಾಣುತ್ತೀ ಎಂದು ಹೋಟೆಲಿನ ಯಜಮಾನರು ಹೇಳಿದಾಗ, "ಅಪ್ಪಯ್ಯ ಇದ್ದಾಗ ಮೀಸಿ ತೆಗೂಕಾಗ" ಎಂದು ಖಡಾಖಂಡಿತವಾಗಿ ಹೇಳಿ ಬಂದಿದ್ದ. ನಮ್ಮ ಕಡೆಯೂ ಅಷ್ಟೇ. ತಂದೆ ಬದುಕಿರುವ ತನಕ ಮಗ ಮೀಸೆ ಬೋಳಿಸುವುದಿಲ್ಲ. ನನ್ನ ಮೀಸೆ ಇರುವೆ ಸಾಲಿನಷ್ಟಿದ್ದರೂ ಅದಕ್ಕೂ ಅದೇ ಮರ್ಯಾದೆ.

ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯವರ ಫೋನಿಗೆ ಕುಂದಾಪುರದಿಂದ ಕರೆ ಬಂತು. ಸುಬ್ರಾಯನ ಅಪ್ಪಯ್ಯ ತೀರಿಕೊಂಡಿದ್ದರು. ವೀಸಾ ಮುಂದುವರಿಸಲೆಂದು ಅವನು ಪಾಸ್‌ಪೋರ್ಟ್ ಕಳಿಸಿಬಿಟ್ಟಿದ್ದ, ಹೊರಡುವ ಹಾಗಿರಲಿಲ್ಲ. ಕ್ರಿಯೆಗೆ ತಮ್ಮ ಕೂರುವುದೆಂದಾಯಿತು. ಇವನ ಪಾಲಿಗೆ ಉಳಿದದ್ದು ಮೀಸೆ ತೆಗೆಯುವುದೊಂದೇ.

ಕುರ್ಚಿ ಎಳೆದು ಕನ್ನಡಿಯ ಮುಂದೆ ಕೂತ. ಮೀಸೆ ಮುಚ್ಚುವಷ್ಟು ನೊರೆ ಹಚ್ಚಿದ. ರೇಜರ್ ಎತ್ತಿದ ಕೈ ಹಾಗೆಯೇ ನಿಂತಿತು.

"ಇದ್ ತೆಗ್ದ್ರೆ ಅಪ್ಪಯ್ಯ ಇಲ್ಲ ಅಂಬುದ್ ಹೌದಾತ್ತಲ್ದಾ," ಎಂದ.

ಸಮಾಧಾನದ ಮಾತು ನನಗೆ ಯಾವತ್ತೂ ಬಂದದ್ದಿಲ್ಲ. ಬರುತ್ತಿದ್ದದ್ದು ಒಂದೇ ವಿದ್ಯೆ. ಅವನ ಕೈಯಿಂದ ರೇಜರ್ ತೆಗೆದಿಟ್ಟು ಬಿಸಿನೀರು ತಂದೆ.

"ಗಡಬಡಿ ಏನೂ ಇಲ್ಲ. ಕಣ್ಣ ಮುಚ್ಚಿ ಕೂಡು. ನೊರಿ ನಾ ನೋಡ್ಕೋತೀನಿ."

ಅದ್ದಿದೆ, ಕೊಡವಿದೆ, ಹಗುರಾಗಿ ಆಡಿಸಿದೆ. ಕಣ್ಣು ಮುಚ್ಚಿಕೊಂಡೇ ಅವನು ಮಾತಾಡತೊಡಗಿದ. ಅಪ್ಪಯ್ಯ ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟುತ್ತಿದ್ದದ್ದು. ಒಮ್ಮೆ ಅವರು ಮುಳುಗಿ ಎದ್ದಾಗ ಒದ್ದೆ ಮೀಸೆ ಜೋತುಬಿದ್ದು, ಇವರು ಬೇರೆ ಯಾರೋ ಎಂದು ಇವನು ಕಿರುಚಿಕೊಂಡದ್ದು. ನೊರೆ ಒಣಗಲು ಶುರುವಾಗುತ್ತಿತ್ತು, ನಾನು ಮತ್ತೆ ಬ್ರಷ್ ಅದ್ದುತ್ತಿದ್ದೆ. ಕಿಟಕಿಯ ಗಾಜಿಗೆ ಹಬೆ ಹತ್ತಿ ಎದುರಿನ ಮನೆಗಳು ಕಾಣದಾದವು. ಆ ಕೋಣೆಯೊಳಗೆ ಅವನ ಅಪ್ಪಯ್ಯ ಇನ್ನೂ ಹೊಳೆಯ ನಡುವೆ ಇದ್ದರು; ಅವರು ಆಚೆ ದಡ ಮುಟ್ಟುವುದು ನಮ್ಮಿಬ್ಬರಿಗೂ ಬೇಕಿರಲಿಲ್ಲ. ನೀರು ಆರಿತು, ಮತ್ತೆ ಕಾಯಿಸಿ ತಂದೆ.

ಕೊನೆಗೆ "ಸಾಕ್" ಎಂದ. ತಾನೇ ರೇಜರ್ ತೆಗೆದುಕೊಂಡ. ಮೀಸೆ ಹೋದ ಮೇಲೆ ಕನ್ನಡಿಯಲ್ಲಿ ಕಂಡ ಮುಖ ನನಗಿಂತ ಎಷ್ಟೋ ಚಿಕ್ಕವನದು. ಆಮೇಲೆ ಅತ್ತ.

ಇವತ್ತು ಒಣಗಿದ ನೊರೆ ತೊಳೆದುಕೊಂಡು ನನ್ನ ಮೀಸೆಯನ್ನು ನೋಡಿಕೊಂಡೆ. ನರೆತಿದೆ. ತೆಗೆದರೆ ಹತ್ತು ವರ್ಷ ಕಡಿಮೆ ಕಾಣುತ್ತೀ ಎಂದು ಮಗಳು ಇಂಗ್ಲಿಷಿನಲ್ಲಿ ಚುಡಾಯಿಸುತ್ತಾಳೆ. ವಿಜಾಪುರದಲ್ಲಿ ಅಪ್ಪನಿಗೆ ಎಂಬತ್ತು ದಾಟಿತು. ಫೋನಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ. ನನಗೆ ಭಯವಾಗುತ್ತದೆ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡೇ, ಈಗಲೂ ಟೂಟಿಂಗ್‌ನಲ್ಲೇ ಇರುವ ಸುಬ್ರಾಯನಿಗೆ ಫೋನ್ ಮಾಡಿದೆ.

"ಸುಬ್ರಾಯಾ, ಊರಿಗೆ ವಾಪಸ್ ಹೋಗೋ ವಿಚಾರ ಏನರ ಐತೇನು?"

"ಇಲ್ಲ ಮಾರಾಯಾ. ಎಂತಕ್ಕೆ?"

ನಾನು ಕನ್ನಡಿಯಲ್ಲಿ ಮೀಸೆ ಸವರಿಕೊಂಡೆ.

"ನಿನ್ ಅಪ್ಪಯ್ಯ ಹ್ಯಾಂಗಿದ್ರ್?"

"ಆರಾಮ ಅದಾನ."

"ಹೆದ್ರ್ಬೇಡ," ಎಂದ ಸುಬ್ರಾಯ. "ಯಾವತ್ತಾದ್ರೂ ಫೋನ್ ಮಾಡ್. ನೀರ್ ಬಿಸಿ ಮಾಡಿ ಇಡ್, ನಾನ್ ಬತ್ತೆ."