ಮಾರ್ಗಶಿರದ ಹೊದಿಕೆ, ಮಾರ್ಗಳಿಯ ಪನಿ

ಚೆನ್ನೈಯಲ್ಲಿ ಚಳಿಗಾಲವೆಂಬುದು ಇದೆಯೇ ಎಂದು ಮೈಸೂರಿನ ನೆಂಟರು ನಗುತ್ತಾರೆ. ಡಿಸೆಂಬರಿನ ನಡುವಿನಿಂದ ಸಂಕ್ರಾಂತಿಯವರೆಗೆ ವೆಸ್ಟ್ ಮಾಂಬಲಂನ ನಮ್ಮ ಮಹಡಿಯ ಮೇಲೆ ನಸುಕಿನಲ್ಲಿ ನಿಂತು ನೋಡಬೇಕು. ರೈಲು ನಿಲ್ದಾಣದ ದೀಪಗಳು ಹಾಲಿನಲ್ಲಿ ಅದ್ದಿ ತೆಗೆದಂತಿರುತ್ತವೆ. ಗಾಡಿ ಹೊರಟ ಸದ್ದು ಕೇಳುತ್ತದೆ, ಗಾಡಿ ಕಾಣದು. ಈ ಮಂಜನ್ನು ತಮಿಳರು ‘ಪನಿ’ ಎನ್ನುತ್ತಾರೆ. ನಮ್ಮ ಇಬ್ಬನಿಯೊಳಗೆ ಮಲಗಿರುವುದೂ ಆ ಶಬ್ದವೇ.

ಕೆಲವು ವರ್ಷಗಳ ಹಿಂದೆ ಆ ಮಹಡಿಯ ಕುಂಡವೊಂದರಲ್ಲಿ ವೀಳ್ಯದೆಲೆಯ ಎಳೆಯ ಬಳ್ಳಿಯೊಂದು ತನ್ನ ಮೊದಲ ಚಳಿಗಾಲಕ್ಕೆ ಕಾದಿತ್ತು. ಮೈಸೂರಿನಲ್ಲಿ ನನ್ನ ಅತ್ತೆಯವರು ಬಚ್ಚಲ ನೀರು ಹರಿಯುವಲ್ಲಿ ಬೆಳೆಸಿದ್ದ, ಖಾರವೇ ಇಲ್ಲದ ತೆಳುವಾದ ಎಲೆಯ ಬಳ್ಳಿ ಅದರ ತಾಯಿ. ಅತ್ತೆ ತೀರಿಕೊಂಡ ಮೇಲೆ ಆ ಜಾಗದಲ್ಲಿ ಗೋಡೆ ಎದ್ದು ತಾಯಿಬಳ್ಳಿ ಹೋಯಿತು. ನನ್ನ ಹೆಂಡತಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಈ ತುಂಡೊಂದೇ ಉಳಿದದ್ದು.

ನವೆಂಬರಿನಲ್ಲಿ ಅವಳ ಅಕ್ಕ ಮೈಸೂರಿನಿಂದ ಫೋನು ಮಾಡಿದರು.

“ಅಮ್ಮ ಏನ್ ಮಾಡೋರು ನೆನಪಿದೆ ತಾನೆ? ಮಾರ್ಗಶಿರ ಹುಟ್ಟಿದ ಸಂಜೆನೇ ಹಳೇ ಪಂಚೆ ಹೊದಿಸೋರು. ಚಳಿಗೆ ಕುಡಿ ಸುಟ್ಟುಹೋದ್ಮೇಲೆ ನನ್ ಹತ್ರ ಅಳಬೇಡ ಕಣೇ.”

“ಇಲ್ಲಿ ಇನ್ನೂ ಫ್ಯಾನ್ ಹಾಕ್ಕೊಂಡು ಮಲಗ್ತೀವಿ ಅಕ್ಕ.”

“ಫ್ಯಾನ್ ನಿಂಗೆ. ಬಳ್ಳಿಗೆ ಯಾವೂರಾದ್ರೂ ಮಾರ್ಗಶಿರ ಮಾರ್ಗಶಿರನೇ.”

ಶಾಸನಗಳ ತಿಥಿವಾರಗಳನ್ನು ತಾಳೆ ನೋಡುವುದು ನನ್ನ ಉದ್ಯೋಗವಾಗಿತ್ತು. ಎರಡು ಪಂಚಾಂಗಗಳನ್ನು ಬಿಡಿಸಿ, ಕಾರ್ತಿಕದ ಅಮಾವಾಸ್ಯೆ ಕಳೆದ ದಿನವನ್ನು ನಿಶ್ಚಯಿಸಿ ಹೇಳಿದೆ. ಆ ವರ್ಷ ಅದು ನವೆಂಬರ್ ಮುಗಿಯುವ ಮೊದಲೇ ಬಿದ್ದಿತ್ತು. ಅಂದು ಸಂಜೆ ಅವಳು ಪಂಚೆ ಹೊದಿಸಿದಳು. ಮರುದಿನವೇ ಸಮುದ್ರದ ಕಡೆಯಿಂದ ಮಳೆ ಹಿಡಿಯಿತು. ತೊಯ್ದ ಪಂಚೆ ಬಳ್ಳಿಗೆ ಅಂಟಿಕೊಂಡಿತು. ಅದನ್ನು ಒಣಗಿಸಲು ಬಿಸಿಲೇ ಬರಲಿಲ್ಲ. ತೆಗೆದು ನೋಡಿದಾಗ ಕೆಳಗಿನ ಎಲೆಗಳು ಕಪ್ಪಾಗಿದ್ದವು, ಬುಡ ಮುಟ್ಟಿದರೆ ಮೆತ್ತಗಿತ್ತು.

ಒಣಗದ ಬಟ್ಟೆಗಳನ್ನು ನೋಡಲೆಂದು ಕೆಳಮನೆಯ ತಮಿಳು ಮಾಮಿ ಅದೇ ಹೊತ್ತಿಗೆ ಮಹಡಿಗೆ ಬಂದರು. “ಎನ್ನ ಮಾಮಿ ಇದು! ಮಾರ್ಗಳಿ ಇನ್ನುಂ ಪೊರಕ್ಕಲೆಯೇ!” ಎಂದು ನನ್ನ ಹೆಂಡತಿಯನ್ನು ಕೇಳಿದರು. ಮಾರ್ಗಳಿ ಇನ್ನೂ ಹುಟ್ಟೇ ಇಲ್ಲವಲ್ಲ, ಈಗಲೇ ಹೊದಿಕೆಯೇ ಎಂದು ಅವರ ಆಶ್ಚರ್ಯ.

ಮೊದಲೇ ಕಂಗಾಲಾಗಿದ್ದ ಹೆಂಡತಿಗೆ ರೇಗಿತು. “ಪೊರಂದಾಚ್ಚು ಮಾಮಿ! ಪಂಚಾಂಗತ್ತಿಲೆ ಇರುಕ್ಕು!” ಹುಟ್ಟಾಯಿತು, ಪಂಚಾಂಗದಲ್ಲೇ ಇದೆ ಎಂದಳು.

“ಉಂಗಾತ್ತು ಮಾಮಾ ಪಂಚಾಂಗಮಾ?” ಮಾಮಿ ನನ್ನತ್ತ ನೋಡಿ ನಕ್ಕರು. ನಿಮ್ಮ ಮನೆಯವರ ಪಂಚಾಂಗವಾದರೆ ಮಳೆಗೂ ಒಂದಿಷ್ಟು ಓದಿ ಹೇಳಲಿ ಎಂದು ಬಟ್ಟೆ ಎತ್ತಿಕೊಂಡು ಇಳಿದುಹೋದರು.

ಅವರು ಹೇಳಿದ್ದೂ ಸರಿ, ಅಕ್ಕ ಹೇಳಿದ್ದೂ ಸರಿ. ನಮ್ಮ ಮಾರ್ಗಶಿರ ಚಂದ್ರನನ್ನು ಹಿಂಬಾಲಿಸುತ್ತದೆ, ಅವರ ಮಾರ್ಗಳಿ ಸೂರ್ಯನನ್ನು. ನಾವು ಧನುರ್ಮಾಸವೆಂದು ಹುಗ್ಗಿ ಮಾಡುವ ತಿಂಗಳೇ ಅವರ ಮಾರ್ಗಳಿ. ಹೆಸರಿನ ಹೋಲಿಕೆ ನಮ್ಮನ್ನು ಮೋಸಗೊಳಿಸಿತ್ತು. ನಮ್ಮ ಮನೆಯಲ್ಲಿ ಮಾರ್ಗಶಿರವಾಗಿದ್ದ ಆ ಹೊತ್ತಿನಲ್ಲಿ ಕೆಳಮನೆಯಲ್ಲಿ ಇನ್ನೂ ಮಾರ್ಗಳಿಯ ಹಿಂದಿನ ತಿಂಗಳು ಕಾರ್ತಿಗೈ; ಮೆಟ್ಟಿಲಿಳಿದರೆ ತಿಂಗಳೇ ಬದಲಾಗುತ್ತಿತ್ತು. ಮೈಸೂರಿನಲ್ಲಿ ಆ ವೇಳೆಗೆ ಮಳೆ ಹಿಂದೆಗೆದು ಚಳಿ ಬಂದಿರುತ್ತದೆ. ಇಲ್ಲಿ ಆಕಾಶ ಇನ್ನೂ ಬರಿದಾಗಿರುವುದಿಲ್ಲ.

ಕೊಳೆತ ಭಾಗವನ್ನು ಕತ್ತರಿಸಿದಾಗ ಗಟ್ಟಿಯಾಗಿದ್ದದ್ದು ಒಂದೇ ಗೆಣ್ಣು. ಹೆಂಡತಿ ಅದನ್ನು ಮರಳು ಬೆರೆಸಿದ ಮಣ್ಣಿನಲ್ಲಿ ಊರಿ, ಮಳೆ ತಾಗದಂತೆ ಸಜ್ಜಾದ ಕೆಳಗಿಟ್ಟಳು. ಧನುರ್ಮಾಸ ಹುಟ್ಟಿದ ಮೇಲೆ ಪ್ರತಿ ಸಂಜೆ ಕುಂಡದ ಸುತ್ತ ನೆಟ್ಟ ಕಡ್ಡಿಗಳ ಮೇಲೆ ಒಣಬಟ್ಟೆ, ಪ್ರತಿ ನಸುಕಿನಲ್ಲಿ ಅದನ್ನು ತೆಗೆಯುವುದು. ಕೆಳಗೆ ಬೀದಿಯಲ್ಲಿ ಭಜನೆಯವರು ಹಾದುಹೋಗುತ್ತಿದ್ದರು. ಅವರ ತಾಳ ಮಂಜಿನೊಳಗೆ ದಾರಿ ತಪ್ಪಿದಂತೆ ಒಮ್ಮೆ ಹತ್ತಿರ, ಒಮ್ಮೆ ದೂರ. ಮನೆಮನೆಯ ಮುಂದಿನ ಕೋಲದ, ಅಂದರೆ ರಂಗೋಲಿಯ, ನಡುವೆ ಕುಂಬಳದ ಹೂಗಳು ಬಣ್ಣ ಬರುವ ಮೊದಲೇ ಅರಳಿ ಕೂತಿರುತ್ತಿದ್ದವು. ಬಟ್ಟೆಯ ಮೇಲ್ಮೈ ತಣ್ಣಗೆ ಒದ್ದೆಯಾಗಿರುತ್ತಿತ್ತು. ಒಳಗೆ ಕೈಯಿಟ್ಟರೆ, ನಿದ್ದೆಯಿಂದ ಈಗಷ್ಟೇ ಎದ್ದವರ ಹಾಸಿಗೆಯ ಬಿಸುಪು. ಆ ತಿಂಗಳಲ್ಲಿ ನಾವಿಬ್ಬರೂ ಪಿಸುಮಾತಿನಲ್ಲೇ ಬದುಕಿದೆವೆಂದು ನೆನಪು. ಯಾರನ್ನು ಎಬ್ಬಿಸಬಾರದೆಂದೋ ತಿಳಿಯದು.

ಸಂಕ್ರಾಂತಿಯ ಆಚೀಚೆ ಗೆಣ್ಣಿನಲ್ಲಿ ಸುರುಳಿ ಸುತ್ತಿದ ಒಂದು ಕುಡಿ ಕಂಡಿತು. ಅದನ್ನು ಕಾಪಾಡಿದ್ದು ಬಟ್ಟೆಯೋ, ಮರಳೋ, ಸಜ್ಜಾವೋ, ನಾನು ಪ್ರಮಾಣ ಕೊಡಲಾರೆ. ಶಿವರಾತ್ರಿ ಕಳೆದ ಮೇಲೆ ಒಂದು ಎಲೆ ಕೀಳುವಷ್ಟು ಬೆಳೆಯಿತು. ಹೆಂಡತಿ ಅಕ್ಕನಿಗೆ ಫೋನು ಹಚ್ಚಿ, ಸುಣ್ಣ ಅಡಿಕೆ ಏನೂ ಇಲ್ಲದೆ ಎಲೆಯನ್ನು ಮಡಿಸಿ ಬಾಯಿಗಿಟ್ಟಳು.

“ಹೇಳೇ, ಖಾರ ಇದೆಯಾ?”

“ಇಲ್ಲ ಅಕ್ಕ. ಅಮ್ಮಂದೇ.”



“ಆಗ್ಲೇ ನುಂಗ್ಬೇಡ,” ಎಂದರು ಅಕ್ಕ, “ಇನ್ನೊಂದ್ ಸ್ವಲ್ಪ ಬಾಯಲ್ಲೇ ಇಟ್ಕೊಂಡಿರು.”