ಅಲುಗಾಡದ ದುರ್ಬೀನು

ತನ್ನ ಹೊಸ ಟೂಲ್ ಬಾಕ್ಸಿನ ಮೇಲೆ ಕ್ರೇನ್ ಓಡಿಸುವ ಷಡ್ಡಕ ಕೊಕ್ಕೆ ಇಳಿಸಿ ಅಪ್ಪಚ್ಚಿ ಮಾಡಿ, ಮೇಲಿಂದಲೇ ಹಲ್ಲು ಕಿರಿದಿದ್ದನ್ನು ಫಿಟ್ಟರ್ ಇವತ್ತಿಗೂ ಮರೆತಿಲ್ಲ. ಹೆಂಡತಿಯ ತಂಗಿಯ ಗಂಡ ಎಂಬ ಮುಲಾಜೂ ಇಲ್ಲದೆ ಎರಡು ವರ್ಷ ಮಾತು ಬಿಟ್ಟಿದ್ದ. ಕೆಲಸ ಒಂದೇ ಶೆಡ್ಡಿನಲ್ಲಿ. ಮಾತೆಲ್ಲ ಇಂಜಿನಿಯರ್ ಮೇಡಂ ಮೂಲಕ.

ಆ ಶೆಡ್ಡಿನಲ್ಲಿ ದೊಡ್ಡ ಬಲೂನಿಗೆ ನೇತುಹಾಕಿ ಆಕಾಶಕ್ಕೆ ಕಳಿಸುವ ದುರ್ಬೀನು ತಯಾರಾಗುತ್ತಿತ್ತು. ಹೊರಗಿನ ಚೌಕಟ್ಟು ಗಾಳಿಗೆ ಎಷ್ಟೇ ತೂಗಾಡಲಿ, ಒಳಗಿನ ದುರ್ಬೀನು ಹಿಡಿದ ನಕ್ಷತ್ರವನ್ನು ಬಿಡಬಾರದು. ಅದನ್ನು ಹೊರುವ ಬೇರಿಂಗನ್ನು ಫಿಟ್ಟರ್ ಮೂರು ತಿಂಗಳು ಉಜ್ಜಿ, ಊದಿದರೆ ತಿರುಗುವಷ್ಟು ನಯ ಮಾಡಿದ್ದ. ಓದಿದ್ದು ಐದನೇ ಕ್ಲಾಸು. ಬೆರಳು ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ಕೋಪ ಸದಾ ಮೂಗಿನ ತುದಿಯಲ್ಲೇ.

ಆದರೆ ಕ್ರೇನಿಗೆ ತೂಗುಬಿಟ್ಟು ನೋಡಿದರೆ, ಚೌಕಟ್ಟು ಅಲುಗಿದಾಗಲೆಲ್ಲ ದುರ್ಬೀನೂ ಅಲುಗಿತು. ಹಾರಿಸಲು ಹದವಾದ ಗಾಳಿ ಇನ್ನು ನಾಲ್ಕೇ ದಿನ. ತಪ್ಪಿದರೆ ಮುಂದಿನ ವರ್ಷವೇ.

“ಬೇರಿಂಗ್ ಬಿಚ್ಚಬೇಕಾಗುತ್ತೆ,” ಎಂದರು ಮೇಡಂ.

“ಬಿಚ್ಚಿದ್ರೆ ಮತ್ತೆ ಕೂರಿಸೋಕೆ ಎರಡು ವಾರ,” ಎಂದು ಫಿಟ್ಟರ್ ಗುರ್ ಎಂದ. “ನನ್ನ ಬೇರಿಂಗಲ್ಲಿ ದೋಷ ಇದ್ರೆ ನಾಳೆಯಿಂದ ಈ ಶೆಡ್ಡಿಗೆ ಕಾಲಿಡಲ್ಲ.”

ಕ್ರೇನಿನ ಮೇಲಿಂದ ಕೆಮ್ಮು ಕೇಳಿಸಿತು. “ಮೇಡಂ, ನಮ್ಮ ಭಾವನಿಗೆ ಹೇಳಿ, ಚೌಕಟ್ಟಿಂದ ದುರ್ಬೀನಿನ ನೆತ್ತಿಗೆ ಹೋಗೋ ಕರೆಂಟ್ ವೈರು ಬಿಗಿದು ಕಟ್ಟಿದಾರೆ. ಚೌಕಟ್ಟು ಆ ಕಡೆ ಹೋದಾಗೆಲ್ಲ ಅದು ಜುಟ್ಟು ಹಿಡಿದು ಎಳೀತಿದೆ.”

“ಕಟ್ಟಿದ್ದು ನಾನೇ ಅಂತ ಹೇಳಿ ಅವನಿಗೆ. ನಾನು ಕಟ್ಟಿದ್ದು ಸಡಿಲ ಇರಲ್ಲ.”

“ನಾನೂ ಅದನ್ನೇ ಹೇಳ್ತಿರೋದು ಅನ್ನಿ.”

“ನಾನೇನು ಪೋಸ್ಟ್‌ಮ್ಯಾನಾ ನಿಮ್ಮಿಬ್ಬರಿಗೆ?” ಎಂದು ಮೇಡಂ ಏಣಿ ತೋರಿಸಿದರು.

ಫಿಟ್ಟರ್ ಗೊಣಗುತ್ತ ಹತ್ತಿದ. ನೆಲದಿಂದ ಕಾಣದ ಆ ಜಾಗದಲ್ಲಿ ವೈರಿನ ಕಂತೆ ಬಟ್ಟೆ ಒಣಗಿಸುವ ಹಗ್ಗದಂತೆ ಸೆಟೆದಿತ್ತು. ಮುಖ ಕೆಂಪಾಯಿತು. ಕಟ್ಟು ಕೊಯ್ದು, ಒಂದು ಮೊಳ ಜೋಲುಬಿಟ್ಟು, ಚೌಕಟ್ಟನ್ನು ಜೋರಾಗಿ ತಳ್ಳಿದ. ಅದು ತೂಗಿತು, ದುರ್ಬೀನು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಮೂರನೇ ದಿನ ಬಲೂನು ಏರಿತು. ದುರ್ಬೀನು ಆರು ಗಂಟೆ ಒಂದೇ ನಕ್ಷತ್ರದ ಮೇಲೆ ಕಣ್ಣು ನೆಟ್ಟಿತ್ತು. ಎಲ್ಲರೂ ಫಿಟ್ಟರನ ಕೈ ಕುಲುಕಿದರು, ಅವನು ಬೀಗಿದ. ಷಡ್ಡಕ ಪಕ್ಕದಲ್ಲೇ ಕಾಯುತ್ತ ನಿಂತಿದ್ದ. ಹೇಳಬೇಕಾದ ಮಾತು ಫಿಟ್ಟರನ ನಾಲಿಗೆಯ ತುದಿಯವರೆಗೂ ಬಂತು.

“ಊಟ ಆಯ್ತಾ?” ಎಂದ.

“ಇಲ್ಲ ಭಾವ.”

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಉಂಡರು. ಅಲ್ಲಿಂದೀಚೆಗೆ ದಿನವೂ ಮಾತು, ದಿನವೂ ಜಗಳ. ಆ ಉಪಕಾರಕ್ಕೆ ಆಡಬೇಕಿದ್ದ ಒಂದು ಒಳ್ಳೆಯ ಮಾತನ್ನು ಮಾತ್ರ ಫಿಟ್ಟರ್ ಇನ್ನೂ ಬಾಕಿ ಉಳಿಸಿಕೊಂಡಿದ್ದಾನೆ.