ಚೆಂಡು ಹೂವಿನ ಪರಾಗ

ವತ್ಸಲಾ, ಆ ಮಣ್ಣಿಗೆ ಚೆಂಡು ಹೂವು ಉದುರಿಸಿದವನು ನಾನೇ. ನಿಮ್ಮ ಪಕ್ಕದ ಮನೆಯ ಗುಂಡೂಕಾಕಾ.

ಖಡಕಿಯ ನಮ್ಮ ಚಾಳಿನಲ್ಲಿ ನನ್ನ ಚಾಷ್ಟಿಗೆ, ನನ್ನ ಕೀಟಲೆಗೆ, ಸಿಗದವರು ಯಾರಿದ್ದರು? ಭಟ್ಟರ ತೀರ್ಥಕ್ಕೆ ಉಪ್ಪು ಬೆರೆಸಿದವನು ನಾನು, ಮದುಮಗನ ಪೇಟದಲ್ಲಿ ಜಿರಳೆ ಬಿಟ್ಟವನೂ ನಾನೇ! ಪುಣೆಯಲ್ಲಿ ಈ ಕಲೆ ಇನ್ನೊಬ್ಬನಿಗಿರಲಿಲ್ಲ... ಈಗ ಹೇಳಿಕೊಳ್ಳಲೂ ದಣಿವು.

ತೊಂಬತ್ತರ ದಶಕದ ಕೊನೆ. ಜೇಜುರಿ ರಸ್ತೆಯ ಹೊಲದಲ್ಲಿದ್ದ ಹಳೆಯ ಕಲ್ಲುಕಟ್ಟಡವನ್ನು ನೀನು ಕಾಲೇಜಿನ ಸಂಶೋಧನೆಗೆ ಹಿಡಿದಿದ್ದೆ. ಹೊಲ ನನ್ನ ಗೆಳೆಯನದು, ಕೀಲಿ ನನ್ನ ಕೈಲಿತ್ತು. ಬಾಗಲಕೋಟೆ ಕಡೆಯಿಂದ ಜೇಜುರಿಯ ಖಂಡೋಬ ದೇವರ ಯಾತ್ರೆಗೆ ಬರುವವರ ಛತ್ರ ಅದು, ನಮ್ಮಜ್ಜ ಯಾತ್ರೆಗೆ ಬಂದಾಗ ಅಲ್ಲೇ ಮಲಗಿದ್ದ ಎಂದು ನಾನು ಎಲ್ಲರೆದುರು ಕೊಚ್ಚಿಕೊಂಡಿದ್ದೆ. ನೀನು ನಕ್ಕೆ.

"ನಂಗ ದನದ ಕೊಟ್ಟಗಿ ಅನಸ್ತದ ಕಾಕಾ. ನೆಲದಾಗ ಹೂವಿನ ಹಳೇ ಪರಾಗ ಉಳದಿರ್ತದ್ರಿ. ಮೇವಿನ ಹುಲ್ಲಿಂದಿದ್ರ ಕೊಟ್ಟಗಿ, ಪೂಜಾ ಹೂವಿಂದಿದ್ರ ನಿಮ್ಮ ಛತ್ರ. ಮಣ್ಣೇ ಹೇಳ್ತದ."

ಮಣ್ಣಿಗೆ ನಾನು ಹೇಳಿಕೊಟ್ಟೆ. ಮರುದಿನ ಮಣ್ಣು ಒಯ್ಯಲೆಂದು ನೀನು ಗುಂಡಿ ತೋಡಿ ಹೋದ ಸಂಜೆ, ಚೆಂಡು ಹೂವಿನ ಒಂದು ಹಾರವನ್ನು ಹೊಸಕಿ ಗುಂಡಿಯೊಳಗೆ ಝಾಡಿಸಿದೆ. ಆಮೇಲೆ ನಕ್ಕು ಹೇಳಿಬಿಡೋಣ ಅಂದುಕೊಂಡಿದ್ದೆ — ಆದರೆ ಮಣ್ಣಿನ ಪರೀಕ್ಷೆ ಮುಗಿಸಿ ನೀನು ಪೇಢೆ ಹಿಡಿದು ಬಂದೆ. "ಗೆದ್ರಿ ಕಾಕಾ! ಛತ್ರನ ಅದು!" ಇಡೀ ಚಾಳು ನೋಡುತ್ತಿತ್ತು. ನಾನು ಮೀಸೆ ತಿರುವಿದೆ.

ನಿಮ್ಮ ಕಾಲೇಜಿನ ಗುರುಗಳು ಮೋಸಹೋಗಲಿಲ್ಲ. ಪರೀಕ್ಷೆಗೆ ಹಾಕುವ ಬಣ್ಣವನ್ನು ಹಳೆಯ ಪರಾಗ ಹಿಡಿಯುವ ರೀತಿಯೇ ಬೇರೆ, ಇದು ಹೊಸ ಹೂವಿನದು, ನೀನೇ ಬೆರೆಸಿದ್ದೀ ಎಂದು ನಿನ್ನನ್ನು ಹೊರಗೆ ಹಾಕಿದರು. ಅವತ್ತು ನೀನು ನಮ್ಮ ಬಾಗಿಲಿಗೆ ಬಂದೆ.

"ಕಾಕಾ, ನೀವೇನರ... ಚಾಷ್ಟಿ ಮಾಡಿದ್ರೇನ್ರಿ?"

"ನಿನ್ನ ಓದಿನ ಜೋಡಿ ಚಾಷ್ಟಿ ಮಾಡ್ತೀನೇನವಾ ನಾ?"

"ತಪ್ಪಾತ್ರಿ. ನಿಮ್ಮನ್ನ ಕೇಳಬಾರದಿತ್ತು" ಎಂದು ನೀನು ನನ್ನ ಕಾಲು ಮುಟ್ಟಿದೆ. ನೀನು — ನನ್ನ ಕಾಲು.

ಕಟ್ಟಡವನ್ನು ಕೆಡವಿ ಗೋದಾಮು ಕಟ್ಟಿದ್ದಾರೆ. ಕೊಟ್ಟಿಗೆಯೋ ಛತ್ರವೋ, ಇನ್ನು ಕೇಳಲು ಆ ಮಣ್ಣಿಲ್ಲ. ನೀನು ತಳೇಗಾಂವದ ಕಾರ್ಖಾನೆಯಲ್ಲಿ ಟೈಪು ಮಾಡುತ್ತೀ. ಆದರೂ ಪ್ರತಿ ದಸರಾಕ್ಕೆ ಬನ್ನಿ ಎಲೆ ಹಿಡಿದು ಬರುತ್ತೀ, "ಬಂಗಾರದಂಗ ಇರೋಣ್ರಿ ಕಾಕಾ" ಎಂದು ನನ್ನ ಕಾಲಿಗೆ ಬಗ್ಗುತ್ತೀ.

ನಾಳೆ ದಸರಾ. ಬಾಗಿಲಿಗೆ ಚೆಂಡು ಹೂವು ಕಟ್ಟಿಲ್ಲ. ಬಾಯಿಂದ ಹೇಳಹೋದರೆ ಮತ್ತೆ ನಗೆಯಾಡಿ ತಪ್ಪಿಸಿಕೊಂಡೇನು, ಅದಕ್ಕೆ ಬರೆದೆ. ನಿಮ್ಮ ಗುರುಗಳಿಗೂ ಇದನ್ನೇ ಬರೆದಿದ್ದೇನೆ. ಹೊಸ್ತಿಲ ಹೊರಗೇ ನಿಂತು ಓದು. ಓದಿದ ಮೇಲೆ ಬನ್ನಿ ನಿನ್ನ ಕೈಯಲ್ಲೇ ಉಳಿದರೆ, ಉಳಿಯಲಿ. ಕಾಲು ಮಾತ್ರ ಮುಟ್ಟಬೇಡ.